ಜವಾಬು ಕೇಳುವುದೇ ಸಂಸತ್ತಿನ ಕೆಲಸ



‘ಜವಾಬ್ದಾರಿ’ ಎಂಬ ಪದವನ್ನು ನಾವು ದಿನವೂ ಬಳಸುತ್ತೇವೆ. ಉರ್ದು ಮಾತನಾಡುವ ನಮ್ಮಂಥ ಮನೆಗಳಲ್ಲಿ ಜವಾಬ್ ಎಂದರೆ ಉತ್ತರ. ಉತ್ತರ ಕೊಡಬೇಕಾದವನೇ ಜವಾಬ್ದಾರ. ಸಂವಿಧಾನದ 75ನೇ ವಿಧಿ ಹೇಳುವುದೂ ಇದನ್ನೇ: ಕೇಂದ್ರ ಮಂತ್ರಿಮಂಡಲ ಸಾಮೂಹಿಕವಾಗಿ ಲೋಕಸಭೆಗೆ ಹೊಣೆಯಾಗಿರಬೇಕು. ಸರ್ಕಾರ ಉತ್ತರ ಕೊಡಬೇಕು, ಸದನ ಉತ್ತರ ಕೇಳಬೇಕು. ಈ ಕೇಳುವ ಕೆಲಸ ಇಂದು ಸಾಲದಾಗಿದೆ ಎಂಬುದು ನನ್ನ ಅಭಿಪ್ರಾಯ.

ಈ ಅಧಿಕಾರ ನಮಗೆ ಸುಮ್ಮನೆ ಬಂದದ್ದಲ್ಲ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತು. ದಸರಾ ಸಮಯದಲ್ಲಿ ಸೇರುತ್ತಿದ್ದ ಆ ಸಭೆಯಲ್ಲಿ ದಿವಾನರು ವರದಿ ಓದುತ್ತಿದ್ದರು, ಪ್ರತಿನಿಧಿಗಳು ಜನರ ಕಷ್ಟ ಹೇಳಿಕೊಳ್ಳುತ್ತಿದ್ದರು. ಆದರೆ ದಿವಾನರನ್ನು ನೇಮಿಸುವವರು ಮಹಾರಾಜರು. ಅವರನ್ನು ಕೆಳಗಿಳಿಸುವ ಅಧಿಕಾರ ಸಭೆಗೆ ಇರಲಿಲ್ಲ. ಆದ್ದರಿಂದಲೇ 1947ರ ‘ಮೈಸೂರು ಚಲೋ’ ಚಳವಳಿಯಲ್ಲಿ ಜನ ಕೇಳಿದ್ದು ‘ಜವಾಬ್ದಾರಿ ಸರ್ಕಾರ’. ಅದೇ ವರ್ಷ ಅಕ್ಟೋಬರ್‌ನಲ್ಲಿ ಕೆ.ಸಿ. ರೆಡ್ಡಿ ಮುಖ್ಯಮಂತ್ರಿಯಾದರು.

ಸದನದ ಶಕ್ತಿ ಎಷ್ಟೆಂದು ತಿಳಿಯಲು ಇನ್ನೊಂದು ಉದಾಹರಣೆ ಸಾಕು. ನಮ್ಮ ರಾಜ್ಯದವರೇ ಆದ ಎಚ್.ಡಿ. ದೇವೇಗೌಡರು ಪ್ರಧಾನಿಯಾಗಿದ್ದಾಗ, 1997ರ ಏಪ್ರಿಲ್ 11ರಂದು ಲೋಕಸಭೆಯಲ್ಲಿ ವಿಶ್ವಾಸಮತ ಕೇಳಿದರು. ಪರವಾಗಿ 158, ವಿರುದ್ಧವಾಗಿ 292 ಮತ ಬಿದ್ದವು. ಸರ್ಕಾರ ಹೋಯಿತು. ಗುಂಡಿಲ್ಲ, ಗಲಾಟೆಯಿಲ್ಲ, ಬರೀ ಎಣಿಕೆ.

ವಾಣಿಜ್ಯ ವಿದ್ಯಾರ್ಥಿಯಾಗಿ ನನಗೆ ಇನ್ನೂ ಮುಖ್ಯವೆನಿಸುವುದು ಹಣದ ಅಧಿಕಾರ. ಸಂಸತ್ತು ಕಾನೂನು ಮಾಡಿ ಒಪ್ಪದೆ ಸಂಚಿತ ನಿಧಿಯಿಂದ ಹಣ ತೆಗೆಯುವಂತಿಲ್ಲ. ಕಂಪನಿಯ ಷೇರುದಾರರು ವಾರ್ಷಿಕ ಸಭೆಯಲ್ಲಿ ನಿರ್ದೇಶಕರಿಂದ ಲೆಕ್ಕ ಕೇಳುವ ಹಾಗೆ, ಪ್ರತಿ ಇಲಾಖೆಯ ಖರ್ಚನ್ನು ಲೋಕಸಭೆ ಪ್ರಶ್ನಿಸಬಹುದು. ಆದರೆ 2013, 2018 ಮತ್ತು 2023ರಲ್ಲಿ ಎಲ್ಲ ಇಲಾಖೆಗಳ ಅನುದಾನದ ಬೇಡಿಕೆಗಳೂ ಲೋಕಸಭೆಯಲ್ಲಿ ಚರ್ಚೆಯಿಲ್ಲದೆ ಅಂಗೀಕಾರವಾದವು. ಇದಕ್ಕೆ ‘ಗಿಲೋಟಿನ್’ ಎನ್ನುತ್ತಾರೆ. 2013ರಲ್ಲಿ ಇದ್ದ ಸರ್ಕಾರ ಬೇರೆ, ಆಮೇಲಿನ ಸರ್ಕಾರ ಬೇರೆ. ಆದ್ದರಿಂದ ಇದು ಒಂದು ಪಕ್ಷದ ಮೇಲಿನ ದೂರಲ್ಲ.

ಇದರಿಂದ ನಮಗೇನು ಎಂದು ಕೇಳಬೇಡಿ. ಅಲ್ಪಸಂಖ್ಯಾತ ಸಮುದಾಯಗಳ ಸಂಶೋಧನಾ ವಿದ್ಯಾರ್ಥಿಗಳಿಗೆ ಕೊಡುತ್ತಿದ್ದ ಮೌಲಾನಾ ಆಜಾದ್ ರಾಷ್ಟ್ರೀಯ ಫೆಲೋಶಿಪ್ ನಿಲ್ಲಿಸಲಾಗಿದೆ ಎಂದು ಸರ್ಕಾರ ತಿಳಿಸಿದ್ದು 2022ರ ಡಿಸೆಂಬರ್‌ನಲ್ಲಿ, ಲೋಕಸಭೆಯಲ್ಲಿ ಸದಸ್ಯರೊಬ್ಬರು ಕೇಳಿದ ಪ್ರಶ್ನೆಗೆ ಉತ್ತರವಾಗಿ. ಬೇರೆ ಯೋಜನೆಗಳೊಂದಿಗೆ ಇದು ಬೆರೆಯುತ್ತದೆ ಎಂಬುದು ಸರ್ಕಾರ ಕೊಟ್ಟ ಕಾರಣ. ಒಂದು ಪ್ರಶ್ನೆಯಿಂದ ಕಾರಣವಾದರೂ ದಾಖಲೆಗೆ ಬಂತು. ಆ ಕಾರಣ ಸರಿಯೇ ಎಂದು ಅನುದಾನದ ಚರ್ಚೆಯಲ್ಲಿ ಪರಿಶೀಲಿಸಬಹುದಿತ್ತು. ಮೂರು ತಿಂಗಳ ನಂತರ ಆ ಚರ್ಚೆಯೇ ನಡೆಯಲಿಲ್ಲ.

ಪಕ್ಷದ ವಿಪ್ ಇರುವಾಗ ಸದಸ್ಯರು ಏನು ಮಾಡಲು ಸಾಧ್ಯ ಎಂದು ಕೆಲವರು ಕೇಳುತ್ತಾರೆ. ನಿಜ, 1985ರ ಪಕ್ಷಾಂತರ ನಿಷೇಧ ಕಾನೂನಿನಿಂದ ವಿಪ್ ಮೀರಿ ಮತ ಹಾಕಿದವರು ಸ್ಥಾನ ಕಳೆದುಕೊಳ್ಳಬಹುದು. ಆದರೆ ಆ ಕಾನೂನು ಕಟ್ಟಿಹಾಕಿರುವುದು ಮತವನ್ನು, ಪ್ರಶ್ನೆಯನ್ನಲ್ಲ. ಆಡಳಿತ ಪಕ್ಷದ ಸದಸ್ಯರೂ ಪ್ರಶ್ನೆ ಕೇಳಬಹುದು, ಕೇಳಬೇಕು.

ನಂಜನಗೂಡು, ತಿ. ನರಸೀಪುರ ಎರಡೂ ಚಾಮರಾಜನಗರ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ. ಸಂಸದರು ಬಂದಾಗ ನಾವು ರಸ್ತೆ, ಸಮುದಾಯ ಭವನ ಕೇಳುತ್ತೇವೆ. ಕೇಳಲಿ, ತಪ್ಪಿಲ್ಲ. ಜೊತೆಗೆ ‘ಈ ಅಧಿವೇಶನದಲ್ಲಿ ನೀವು ಕೇಳಿದ ಪ್ರಶ್ನೆಗಳು ಯಾವುವು?’ ಎಂದೂ ಕೇಳೋಣ. ಸದಸ್ಯರು ಕೇಳಿದ ಪ್ರಶ್ನೆಗಳೂ ಮಂತ್ರಿಗಳ ಉತ್ತರಗಳೂ ಸಂಸತ್ತಿನ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಪ್ರತಿ ಅಧಿವೇಶನದ ನಂತರ ನಮ್ಮ ಕ್ಷೇತ್ರದ ಪ್ರಶ್ನೋತ್ತರಗಳನ್ನು ಕಾಲೇಜಿನ ಸೂಚನಾ ಫಲಕದಲ್ಲಿ ಹಾಕಲು ರಾಜ್ಯಶಾಸ್ತ್ರದ ಉಪನ್ಯಾಸಕರು ಅವಕಾಶ ಕೊಟ್ಟರೆ, ಬರೆದು ಅಂಟಿಸುವ ಕೆಲಸ ನಾವು ವಾಣಿಜ್ಯ ವಿಭಾಗದವರು ಮಾಡುತ್ತೇವೆ. ಇನ್ನೊಂದು ವರ್ಷದಲ್ಲಿ ನಮ್ಮಲ್ಲಿ ಹೆಚ್ಚಿನವರಿಗೆ ಮತದಾನದ ಹಕ್ಕು ಬರುತ್ತದೆ. ಜವಾಬು ಕೇಳುವ ಅಭ್ಯಾಸ ಅದಕ್ಕಿಂತ ಮೊದಲೇ ಬರಲಿ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ