ನದಿಯ ಲೆಕ್ಕ ಯಾರ ಕೈಯಲ್ಲಿರಬೇಕು?

ನದಿಯೊಂದು ಕಲುಷಿತವಾಗಿದೆ ಎಂದು ತೀರ್ಮಾನಿಸುವ ಅಧಿಕಾರ ಯಾರಿಗೆ ಸೇರಿದ್ದು? ಅದಕ್ಕೆ ವಿಷ ಹರಿಸಿದ ಕಂಪೆನಿಗೋ, ಕಂಡೂ ಕಾಣದಂತಿದ್ದ ಸರಕಾರಕ್ಕೋ ಅಥವಾ ಅದರ ದಡದಲ್ಲಿ ಬದುಕುತ್ತಿರುವ ಜನರಿಗೋ? ಅಮೇರಿಕದ ಹಡ್ಸನ್ ನದಿಯ ಮಟ್ಟಿಗೆ ಈ ಪ್ರಶ್ನೆ ಏಳು ದಶಕಗಳಿಗೂ ಹಳೆಯದು.

1947ರಿಂದ 1977ರ ವರೆಗೆ ಜನರಲ್ ಇಲೆಕ್ಟ್ರಿಕ್ ಕಂಪೆನಿಯ ಎರಡು ಕಾರ್ಖಾನೆಗಳು ಪಿಸಿಬಿ ಎಂಬ ರಾಸಾಯನಿಕವನ್ನು ಈ ನದಿಗೆ ಹರಿಯಬಿಟ್ಟವು. ಅದರ ಪ್ರಮಾಣ 13 ಲಕ್ಷ ಪೌಂಡ್‌ಗಳವರೆಗೆ ಇದ್ದಿರಬಹುದೆಂದು ಅಂದಾಜಿಸಲಾಗಿದೆ. 1984ರಲ್ಲಿ ನದಿಯ ಸುಮಾರು 200 ಮೈಲಿ ಉದ್ದದ ಭಾಗವನ್ನು ಅತ್ಯಂತ ಕಲುಷಿತ ತಾಣಗಳ ಪಟ್ಟಿಗೆ ಸೇರಿಸಲಾಯಿತು. ಹೂಳೆತ್ತುವ ಕಾರ್ಯ ಆರಂಭವಾದುದು ಮಾತ್ರ 2009ರಲ್ಲಿ! ಈ ನಡುವಿನ ಕಾಲು ಶತಮಾನ ಎಲ್ಲಿ ಹೋಯಿತು? ನದಿ ತನ್ನನ್ನು ತಾನೇ ಶುದ್ಧೀಕರಿಸಿಕೊಳ್ಳುತ್ತದೆ, ಹೂಳನ್ನು ಕೆದಕುವುದೇ ಅಪಾಯಕಾರಿ ಎಂದು ಕಂಪೆನಿಯು ಜಾಹೀರಾತುಗಳ ಮೂಲಕ ವಾದಿಸುತ್ತಲೇ ಇತ್ತು. ಹಣವಿದ್ದವರಿಗೆ ವಿಜ್ಞಾನವೂ ಒಂದು ವಕೀಲಿಕೆಯಾಗಿಬಿಡುತ್ತದೆ. 2015ರಲ್ಲಿ ಹೂಳೆತ್ತುವಿಕೆ ಮುಗಿಯಿತು. 2019ರಲ್ಲಿ ಕೇಂದ್ರ ಪರಿಸರ ಸಂಸ್ಥೆಯು ಕಂಪೆನಿಗೆ ಕಾರ್ಯ ಪೂರ್ಣಗೊಂಡ ಪ್ರಮಾಣಪತ್ರವನ್ನು ನೀಡಿದಾಗ ಸ್ವತಃ ನ್ಯೂಯಾರ್ಕ್ ರಾಜ್ಯವೇ ಅದರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿತು. ಅಂದರೆ, ಒಂದೇ ನೀರಿನ ಬಗ್ಗೆ ಎರಡು ಸರಕಾರಗಳಿಗೆ ಎರಡು ಅಭಿಪ್ರಾಯ. ಹೀಗಿರುವಾಗ ದಡದಲ್ಲಿ ಗಾಳ ಹಾಕಿ ಕೂತವನು ಯಾರನ್ನು ನಂಬಬೇಕು?

ಯಾಂಕರ್ಸ್ ನಗರದ ಪ್ರಯೋಗವನ್ನು ಈ ಹಿನ್ನೆಲೆಯಲ್ಲಿಯೇ ನೋಡಬೇಕಾಗಿದೆ. ನ್ಯೂಯಾರ್ಕ್ ನಗರಕ್ಕೆ ಅಂಟಿಕೊಂಡಿರುವ, ಸುಮಾರು ಎರಡು ಲಕ್ಷ ಜನಸಂಖ್ಯೆಯ ಈ ಕೈಗಾರಿಕಾ ಪಟ್ಟಣದಲ್ಲಿ ಒಂದು ಕಾಲಕ್ಕೆ ನದಿಯ ದಡವೆಂದರೆ ಕಾರ್ಖಾನೆಗಳ ಹಿತ್ತಿಲು. ಅಲ್ಲಿ ಬೆಝಾಕ್ ಎಂಬ ಹೆಸರಿನ ಪರಿಸರ ಶಿಕ್ಷಣ ಕೇಂದ್ರವೊಂದು ತಲೆ ಎತ್ತಿತು. 2013ರಲ್ಲಿ ಅದೇ ನಗರದ ಸಾರಾ ಲಾರೆನ್ಸ್ ಕಾಲೇಜು ಅದರೊಂದಿಗೆ ಕೈಜೋಡಿಸಿದಾಗ ಶಿಕ್ಷಣದ ಜೊತೆಗೆ ಸಂಶೋಧನೆಯೂ ಸೇರಿಕೊಂಡಿತು. ಶಾಲಾ ಮಕ್ಕಳು ಮೊಣಕಾಲುದ್ದದ ನೀರಿಗಿಳಿದು ಬಲೆ ಎಳೆದರು. ಸಿಕ್ಕ ಮೀನುಗಳನ್ನು ಗುರುತಿಸಿ, ಎಣಿಸಿ, ಮರಳಿ ನೀರಿಗೆ ಬಿಟ್ಟರು. ಸಮುದ್ರದ ಉಬ್ಬರ ಈ ನದಿಯೊಳಗೆ ಸುಮಾರು 150 ಮೈಲಿ ಏರಿ ಬರುವುದರಿಂದ ಉಪ್ಪಿನಂಶವನ್ನು ಅಳೆಯುವುದೂ ಇಲ್ಲಿ ಒಂದು ಪಾಠವೇ. ಸ್ವಯಂಸೇವಕರು ಸೀಸೆಗಳಲ್ಲಿ ತುಂಬಿ ತಂದ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ಅದರಲ್ಲಿ ಮಲಮೂತ್ರದ ಬ್ಯಾಕ್ಟೀರಿಯಾ ಎಷ್ಟಿದೆಯೆಂದು ತಿಳಿಸಲಾಯಿತು.

ಇದೇ ಪಟ್ಟಣದಲ್ಲಿ ಹಡ್ಸನ್ನಿನ ಉಪನದಿ ಸಾ ಮಿಲ್ ಕೂಡಾ ಇದೆ. 1920ರ ದಶಕದಲ್ಲಿ ಪೇಟೆಯ ಮಧ್ಯೆ ಅದನ್ನು ಕಾಂಕ್ರೀಟಿನಡಿ ಹೂಳಲಾಗಿತ್ತು. ಮೇಲೆ ವಾಹನ ನಿಲ್ದಾಣ, ಕೆಳಗೆ ನದಿ! 2011ರಲ್ಲಿ ಆ ಕಾಂಕ್ರೀಟನ್ನು ಒಡೆದು ನೀರನ್ನು ಮತ್ತೆ ಬೆಳಕಿಗೆ ತರಲಾಯಿತು. ದೂರದ ಅಟ್ಲಾಂಟಿಕ್ ಸಾಗರದಲ್ಲಿ ಹುಟ್ಟಿ, ವಸಂತದಲ್ಲಿ ನದಿಯೇರುವ ಗಾಜಿನಂತಹ ಹಾವುಮೀನಿನ ಮರಿಗಳಿಗೆ ಅದು ಮತ್ತೆ ದಾರಿಯಾಯಿತು.

ಹಾಗಂತ ಎಲ್ಲವೂ ಸರಿಹೋಯಿತೆಂದಲ್ಲ. ಪಿಸಿಬಿಯ ಕಾರಣದಿಂದ ಮಕ್ಕಳು ಮತ್ತು ಹೆರಿಗೆಯ ವಯಸ್ಸಿನ ಮಹಿಳೆಯರು ಈ ನದಿಯ ಮೀನು ತಿನ್ನಬಾರದೆಂದು ಆರೋಗ್ಯ ಇಲಾಖೆ ದಶಕಗಳ ಕಾಲ ಎಚ್ಚರಿಸುತ್ತಾ ಬಂದಿತ್ತು. ಆದರೆ ಗಾಳ ಹಾಕುವವರಲ್ಲಿ ಇಂಗ್ಲಿಷ್ ಫಲಕವನ್ನು ಓದಲಾಗದ ಬಡ ವಲಸಿಗರೂ ಇದ್ದಾರೆ. ಇನ್ನೊಂದೆಡೆ, ನೀರು ತಿಳಿಯಾದಂತೆಲ್ಲಾ ದಡದಲ್ಲಿ ದುಬಾರಿ ವಸತಿ ಸಮುಚ್ಚಯಗಳು ಎದ್ದು ನಿಂತಿವೆ. ಕೊಳಕು ನದಿಯ ದುರ್ವಾಸನೆಯನ್ನು ಸಹಿಸಿದವರೇ ಶುದ್ಧ ನದಿಯ ಗಾಳಿಯನ್ನೂ ಸವಿಯುವರೆಂಬ ಖಾತ್ರಿ ಏನಿದೆ? ಮಕ್ಕಳಿಗೆ ಮೀನಿನ ಹೆಸರು ಕಲಿಸುವ ಕೇಂದ್ರದಿಂದ ಬಾಡಿಗೆಯನ್ನು ಇಳಿಸಲಾಗದು, ನಿಜ. ಆದರೆ ಅದರ ಬಾಗಿಲು ಹಳೆಯ ನಿವಾಸಿಗಳಿಗೇ ಮೊದಲು ತೆರೆಯಬೇಕೆಂದು ಕೇಳುವುದರಲ್ಲಿ ತಪ್ಪೇನಿದೆ?

ಅಂದಹಾಗೆ, ಆ ಬ್ಯಾಕ್ಟೀರಿಯಾ ಪರೀಕ್ಷೆಯ ಫಲಿತಾಂಶಕ್ಕೆ ಇಡೀ ಒಂದು ದಿನ ಕಾಯಬೇಕು. ಜೋರು ಮಳೆ ಬಿದ್ದರೆ ಹಳೆಯ ಚರಂಡಿಗಳು ಉಕ್ಕಿ ಕೊಳಚೆ ನೇರವಾಗಿ ಹಡ್ಸನ್ ಸೇರುತ್ತದೆ. ಇಂದು ನೀರಿಗಿಳಿದವನಿಗೆ ಇಂದಿನ ನೀರು ಹೇಗಿತ್ತೆಂದು ಗೊತ್ತಾಗುವುದು ನಾಳೆ. ಆದ್ದರಿಂದ, ಮಳೆಯ ಬೆನ್ನಿಗೆ ಮಕ್ಕಳನ್ನು ನದಿಗೆ ಬಿಡಬಾರದೆಂಬ ಸರಳ ತಿಳುವಳಿಕೆ ಸೀಸೆ ಹಿಡಿದು ಬರುವ ಸ್ವಯಂಸೇವಕನಿಗಷ್ಟೇ ಅಲ್ಲ, ದಡದ ಪ್ರತಿ ಮನೆಗೂ ಅದರದೇ ಭಾಷೆಯಲ್ಲಿ ತಲುಪಬೇಕಾಗಿದೆ.