ಕುದಿಯುವ ಬುಗ್ಗೆಗಳನ್ನು ಮುಟ್ಟುವ ಮುನ್ನ

ನಾವು ಉಸಿರಾಡುವ ವಾಯುವಿನಲ್ಲಿ ನೂರಕ್ಕೆ 78 ಪಾಲು ಸಾರಜನಕವೇ ಇದ್ದರೂ, ಅದರ ಪರಮಾಣುಗಳೆರಡೂ ಮೂರೆಳೆಯ ಬಂಧದಿಂದ ಒಂದನ್ನೊಂದು ಬಿಗಿದು ನಿಂತಿರುವುದರಿಂದ, ಪೈರಿಗಾಗಲಿ ಪ್ರಾಣಿಗಾಗಲಿ ಅದು ನೇರವಾಗಿ ದಕ್ಕುವಂಥದಲ್ಲ. ಆ ಬಂಧವನ್ನು ಬಿಡಿಸಿ ಗೊಬ್ಬರವಾಗಿಸಲು ಹೇಬರ್ ಮತ್ತು ಬಾಷ್ ಎಂಬ ಜರ್ಮನ್ ವಿಜ್ಞಾನಿಗಳು ರೂಪಿಸಿದ, 1913ರಿಂದ ಕಾರ್ಖಾನೆಗಳಲ್ಲಿ ನಡೆದುಬಂದಿರುವ ವಿಧಾನಕ್ಕೆ 400 ಡಿಗ್ರಿಯ ಆಸುಪಾಸಿನ ಉಷ್ಣವೂ ವಾಯುಮಂಡಲದ ನೂರಾರು ಪಟ್ಟು ಒತ್ತಡವೂ ಬೇಕು. ಅದೇ ಕಾರ್ಯವನ್ನು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಿಸಿನೀರಿನ ಬುಗ್ಗೆಗಳಲ್ಲಿ ಕಣ್ಣಿಗೆ ಕಾಣದ ಏಕಕೋಶಜೀವಿಗಳು ನಡೆಸುತ್ತಿವೆ.

ಅವು ನಡೆಸುವ ರೀತಿ ಮನನಯೋಗ್ಯವಾದುದು. ಸಾರಜನಕವನ್ನು ಸ್ಥಿರೀಕರಿಸುವ ನೈಟ್ರೋಜನೇಸ್ ಎಂಬ ಕಿಣ್ವಕ್ಕೆ ಆಮ್ಲಜನಕವೇ ಪರಮವೈರಿ. ಆದರೆ ಅದೇ ಉದ್ಯಾನದ ಆಕ್ಟೋಪಸ್ ಬುಗ್ಗೆಯ ಅಂಚಿನಲ್ಲಿ, 60 ಡಿಗ್ರಿಯಷ್ಟು ಬಿಸಿಯಾದ ನೀರಿನಡಿಯಲ್ಲಿ ಹಸಿರು ಹಾಸಾಗಿ ಹಬ್ಬಿರುವ ಸೈನೆಕೊಕಾಕಸ್ ಎಂಬ ಸೂಕ್ಷ್ಮಾಣು ಹಗಲೆಲ್ಲ ದ್ಯುತಿಸಂಶ್ಲೇಷಣೆಯಿಂದ ಆಮ್ಲಜನಕವನ್ನೇ ಹೊರಸೂಸುವುದು. ಈ ವಿರೋಧವನ್ನು ಅದು ಕಾಲವಿಭಾಗದಿಂದ ಪರಿಹರಿಸಿಕೊಂಡಿದೆ: ಸೂರ್ಯನಿಳಿದು ಹಾಸಿನೊಳಗಿನ ಆಮ್ಲಜನಕ ತೀರುತ್ತಲೇ, ಸ್ಥಿರೀಕರಣದ ಜೀನ್‌ಗಳು ಎಚ್ಚರಗೊಂಡು, ಹಗಲಲ್ಲಿ ಕೂಡಿಟ್ಟ ಶರ್ಕರವನ್ನು ಹುದುಗಿಸಿ ಪಡೆದ ಅಲ್ಪ ಶಕ್ತಿಯಿಂದಲೇ, ಒಂದೊಂದು ಸಾರಜನಕದ ಅಣುವಿಗೂ ಜೀವಕೋಶದ ಶಕ್ತಿವಾಹಕಗಳಾದ ಎಟಿಪಿ ಅಣುಗಳನ್ನು ಕನಿಷ್ಠ 16ರಷ್ಟು ವ್ಯಯಿಸಬೇಕಾದ ಈ ದುಬಾರಿ ಕಾಯಕ ಆರಂಭವಾಗಿ, ಮುಂಜಾವಿನ ಮಂದಪ್ರಕಾಶದಲ್ಲಿ, ಆಮ್ಲಜನಕ ಮತ್ತೆ ತುಂಬಿಕೊಳ್ಳುವ ಮುನ್ನ, ಉತ್ಕರ್ಷಕ್ಕೇರುವುದು. ಇದಕ್ಕಿಂತಲೂ ಬಿಸಿಯಾದ, ಆಮ್ಲೀಯವಾದ ಬುಗ್ಗೆಗಳಲ್ಲಿ 82 ಡಿಗ್ರಿಯಲ್ಲಿಯೂ ಸ್ಥಿರೀಕರಣ ಕಂಡುಬಂದಿದೆ.

ಇಂಥ ಬುಗ್ಗೆಗಳ ಜೀವಿಗಳು ಮನುಷ್ಯನಿಗೂ ಉಪಕರಿಸಿವೆ: 1966ರಲ್ಲಿ ಥಾಮಸ್ ಬ್ರಾಕ್ ಎಂಬ ವಿಜ್ಞಾನಿ ಶಿಷ್ಯನೊಡನೆ ಇದೇ ಉದ್ಯಾನದಲ್ಲಿ ಕಂಡುಹಿಡಿದ, ಬಿಸಿನೀರಿನಲ್ಲಿ ಬಾಳುವ ಬ್ಯಾಕ್ಟೀರಿಯವಾದ ಥರ್ಮಸ್ ಅಕ್ವಾಟಿಕಸ್‌ನ ಕಿಣ್ವವೇ ಮುಂದೆ ಪಿಸಿಆರ್ ಪರೀಕ್ಷೆಗೆ ಆಧಾರವಾಯಿತು. ಕೋವಿಡ್ ಕಾಲದಲ್ಲಿ ಆ ಪರೀಕ್ಷೆಯ ಹೆಸರು ಕೇಳದ ಮನೆಯಿರಲಿಲ್ಲ.

ಆದುದರಿಂದ ಬುಗ್ಗೆಯನ್ನು ಕೇವಲ ಉಷ್ಣದ ಗಣಿಯೆಂದು ಎಣಿಸುವುದನ್ನು ನಾನು ಒಪ್ಪಲಾರೆ. ನ್ಯೂಜಿಲೆಂಡಿನ ವೈರಾಕೈಯಲ್ಲಿ 1958ರಲ್ಲಿ ಭೂಶಾಖದ ವಿದ್ಯುದಾಗಾರ ಕೆಲಸಕ್ಕೆ ತೊಡಗಿದ ಮೇಲೆ, ಭೂಗರ್ಭದ ಒತ್ತಡ ಕುಗ್ಗಿ, ನೆರೆಯ ಕಣಿವೆಯ ಚಿಮ್ಮುಬುಗ್ಗೆಗಳು ಬತ್ತಿಹೋದವು. ಬತ್ತಿದ ಬುಗ್ಗೆಯ ಜೀವಸಮುದಾಯವನ್ನು ಮರಳಿ ಪಡೆಯುವ ವಿದ್ಯೆ ನಮ್ಮಲ್ಲಿಲ್ಲ. ನಮ್ಮ ಲಡಾಖಿನ ಪೂಗಾ ಕಣಿವೆಯಲ್ಲಿಯೂ ಭೂಶಾಖದಿಂದ ವಿದ್ಯುತ್ತನ್ನು ಪಡೆಯಲು 2021ರಲ್ಲಿ ಒಪ್ಪಂದವಾಗಿದೆ. ಹೊಗೆಯಿಲ್ಲದ ವಿದ್ಯುತ್ತು ಆ ಶೀತಪ್ರದೇಶದ ಜನಕ್ಕೆ ಬೇಕು; ಬೇಡವೆನ್ನುವ ಅಧಿಕಾರ ದೂರದಲ್ಲಿರುವ ನಮಗಿಲ್ಲ. ಆದರೆ ಆಕ್ಟೋಪಸ್ ಬುಗ್ಗೆಯನ್ನು ಹಗಲಲ್ಲಿ ಮಾತ್ರ ನೋಡಿದವನಿಗೆ ಅದರ ಇರುಳಿನ ಉದ್ಯಮ ತಿಳಿಯುತ್ತಿರಲಿಲ್ಲವಾದ ಕಾರಣ, ಕೊಳವೆ ಇಳಿಸುವ ಮೊದಲೇ ಪ್ರತಿಯೊಂದು ಬುಗ್ಗೆಯ ಸೂಕ್ಷ್ಮಜೀವಿಗಳನ್ನೂ ಋತುಋತುವಿನಲ್ಲಿ, ಹಗಲಿರುಳೆರಡರಲ್ಲಿಯೂ ಪರಿಶೀಲಿಸಿ ದಾಖಲಿಸುವುದನ್ನೂ, ಕೆಲವನ್ನಾದರೂ ಮುಟ್ಟದೆ ಬಿಡುವುದನ್ನೂ ಸರ್ಕಾರ ಅನುಮತಿಯ ಷರತ್ತಾಗಿಯೇ ವಿಧಿಸಬೇಕು.