ಕೋಪಣದ ಬಂಡೆಯೂ ಗೃಹಸ್ಥನ ಮಿತಿಯೂ

ಕೊಪ್ಪಳದ ಪಾಲ್ಕಿಗುಂಡಿನ ಮೇಲೆ ಎರಡು ಕಾಲದ ಬರಹಗಳು ನೆರೆಹೊರೆಯಲ್ಲಿವೆ. ಒಂದು, ಕ್ರಿ.ಪೂ. 3ನೇ ಶತಮಾನದ ಅಶೋಕನ ಕಿರುಶಾಸನ; ಅದೇ ಒಕ್ಕಣೆಯ ಮತ್ತೊಂದು ಪ್ರತಿ ಗವಿಮಠದ ಬಂಡೆಯಲ್ಲಿದೆ. ಇವೆರಡೂ ಬೆಳಕಿಗೆ ಬಂದದ್ದು 1931ರಲ್ಲಿ. ಇನ್ನೊಂದು, ‘ವರಾಂಗಚರಿತ’ದ ಕರ್ತೃ ಜಟಾಸಿಂಹನಂದಿ ಆಚಾರ್ಯರ ಪಾದಗಳು ಮತ್ತು ಅವನ್ನು ಚಾವಯ್ಯನೆಂಬವನು ಮಾಡಿಸಿದನೆಂದು ತಿಳಿಸುವ ಕನ್ನಡ ಶಾಸನ. ಕೋಪಣ ಮಹಾತೀರ್ಥದಲ್ಲಿ ಏಳುನೂರಕ್ಕೂ ಹೆಚ್ಚು ಬಸದಿಗಳಿದ್ದವೆಂಬ ಪ್ರತೀತಿಯಿದೆ. ಆ ವೈಭವ ಇಂದಿಲ್ಲ, ವಿಚಾರ ಉಳಿದಿದೆ.

ಅಶೋಕನು ಬೌದ್ಧ ಉಪಾಸಕ. ಪ್ರಯತ್ನದ ಫಲ ದೊಡ್ಡವರಿಗೆ ಮಾತ್ರವಲ್ಲ, ಸಣ್ಣವರಿಗೂ ಲಭ್ಯವೆಂಬುದು ಅವನ ಶಾಸನದ ತಿರುಳು. ಜಿನಧರ್ಮವು ಇದನ್ನೇ ತನ್ನ ಕ್ರಮದಲ್ಲಿ ಹೇಳಿತು. ಮಹಾವ್ರತ ಮುನಿಗಳದು, ಗೃಹಸ್ಥನಿಗೆ ಅಣುವ್ರತ. ಅಣುವೆಂದರೆ ಬೆಲೆ ಕಡಿಮೆಯೆಂದಲ್ಲ, ಹೊರಬಲ್ಲಷ್ಟು ಹೊರೆ ಎಂದು. ಐದನೆಯ ಅಣುವ್ರತವಾದ ಪರಿಗ್ರಹ ಪರಿಮಾಣವು ಶ್ರಾವಕನಿಗೆ ‘ಬಿಟ್ಟುಬಿಡು’ ಎನ್ನುವುದಿಲ್ಲ; ‘ಎಷ್ಟು ಸಾಕೆಂದು ನೀನೇ ನಿಶ್ಚಯಿಸು’ ಎನ್ನುತ್ತದೆ. ಹೊಲ, ಮನೆ, ಹೊನ್ನು, ಧನ, ಧಾನ್ಯಗಳ ಮಿತಿ ಮೀರುವುದನ್ನು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ ಅತಿಚಾರವೆಂದು ಎಣಿಸಿದೆ. ಆ ಪಟ್ಟಿಯಲ್ಲಿ ದಾಸಿ-ದಾಸರೂ ಇದ್ದಾರೆ. ಅದು ಆ ಕಾಲದ ಗುರುತು, ಅದನ್ನು ಮುಚ್ಚಿಡಬೇಕಾಗಿಲ್ಲ. ಹಳೆಯ ವಿಚಾರವನ್ನು ಸ್ವೀಕರಿಸುವಾಗ ಜರಡಿಯೂ ಕೈಯಲ್ಲಿರಬೇಕು.

2025ರ ಫೆಬ್ರುವರಿಯಲ್ಲಿ, ನಗರಕ್ಕೆ ಅಂಟಿಕೊಂಡ ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ಕೊಪ್ಪಳ ಬಂದ್ ನಡೆಯಿತು. ಗವಿಮಠದ ಶ್ರೀಗಳೂ ಪಾಲ್ಗೊಂಡರು. ಇದರಲ್ಲಿ ಧರ್ಮಕ್ಕೇನು ಕೆಲಸ ಎಂದು ಕೇಳುವವರುಂಟು. ನೆಲ, ನೀರು, ಬೆಂಕಿ, ಗಾಳಿ, ಗಿಡಮರಗಳನ್ನೂ ಏಕೇಂದ್ರಿಯ ಜೀವಗಳೆಂದು ಗಣಿಸಿದ ದರ್ಶನಕ್ಕೆ ಈ ಪ್ರಶ್ನೆಯೇ ವಿಚಿತ್ರವೆನಿಸುತ್ತದೆ. ವಾಯುಕಾಯ, ಅಪ್ಕಾಯ ಎಂಬ ಪದಗಳು ಬರಿಯ ಪಾಠಶಾಲೆಯ ಬಾಯಿಪಾಠಕ್ಕಲ್ಲ.

ಆದರೂ ತೀರ್ಪು ಸುಲಭವಲ್ಲ. ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲಗಳನ್ನು ಬಿಟ್ಟು ದೂರದ ಊರುಗಳಿಗೆ ದುಡಿಯಲು ಹೋಗುವ ಕುಟುಂಬಕ್ಕೆ ಹತ್ತಿರದ ಕೂಲಿ ಬೇಡವೆನ್ನಲು ನಾವು ಯಾರು? ತುಂಗಭದ್ರೆಯ ನೀರುಂಡ ಗಂಗಾವತಿಯ ಭತ್ತದ ಗದ್ದೆಗೆ ಸುರಿಯುವ ಔಷಧದ ವಿಷಯದಲ್ಲಿಯೂ ರೈತನೊಬ್ಬನನ್ನೇ ದೂಷಿಸಿದರೆ ಅನ್ಯಾಯ. ಅಕ್ಕಿ ಹೊಳೆಯಲಿ, ಅಗ್ಗವಾಗಲಿ ಎಂದು ಬಯಸುವವರು ಉಣ್ಣುವ ನಾವೇ. ಉದ್ಯಮವನ್ನಾಗಲಿ ಕೃಷಿಯನ್ನಾಗಲಿ ಅಣುವ್ರತ ನಿಷೇಧಿಸುವುದಿಲ್ಲ. ‘ಇನ್ನೂ’ ಎಂಬ ಮಾತಿಗೆ ಮುನ್ನ ‘ಎಷ್ಟು’ ಎಂದು ಕೇಳುತ್ತದೆ, ಅಷ್ಟೇ. ಈ ಪ್ರಶ್ನೆ ಮೊದಲು ಎದುರಾಗಬೇಕಾದದ್ದು ಬಂಡವಾಳವುಳ್ಳವರಿಗೆ. ನಮ್ಮ ಶ್ರಾವಕ ವರ್ತಕರೂ ಅವರಲ್ಲಿದ್ದಾರೆ.

ದಶಲಕ್ಷಣ ಪರ್ವದ ಒಂಬತ್ತನೆಯ ದಿನ ಉತ್ತಮ ಆಕಿಂಚನ್ಯಕ್ಕೆ ಮೀಸಲು. ಅಂದು ಪರಿಮಾಣ ವ್ರತ ತೊಟ್ಟು ಹೊನ್ನು, ಮನೆಗಳ ಮಿತಿಯನ್ನು ಬರೆದಿಡುವವರು ಬಳಸುವ ನೀರನ್ನೂ ಬಿಡುವ ಹೊಗೆಯನ್ನೂ ಅದೇ ಪುಟದಲ್ಲಿ ಬರೆಯಬಹುದು.